ಹನ್ನೊಂದು ಕುಶಾಲತೋಪು

ಕೆರಿಬ್ಬಿಯನ್ ಸಮುದ್ರದಲ್ಲಿ ಹಾಯಿದೋಣಿ ಏರಿ ಸಿಂಟ್ ಯುಸ್ಟೇಷಿಯಸ್ ದ್ವೀಪಕ್ಕೆ ಹೋಗುವವರಿಗೆ ದೂರದಿಂದಲೇ ಗುರುತು ಸಿಕ್ಕುವುದು ಕ್ವಿಲ್ ಎಂಬ ಜ್ವಾಲಾಮುಖಿಯದು. ಅದು ಎರಡು ಸಾವಿರ ಅಡಿಗೆ ತುಸು ಕಡಿಮೆ ಎತ್ತರ. ಈಗ ಅದರ ಬಾಯೊಳಗೆ ದಟ್ಟವಾದ ಕಾಡು ಬೆಳೆದಿದೆ. ಈಶಾನ್ಯದ ಗಾಳಿಗೆ ಮರೆಯಾದ ಪಶ್ಚಿಮದ ಮಗ್ಗುಲಲ್ಲಿ ಲಂಗರು ಹಾಕಿ ದಡಕ್ಕಿಳಿದರೆ ನೀರಂಚಿನಲ್ಲೇ ಪಾಳುಗೋಡೆಗಳು ಕಾಣುತ್ತವೆ. ಕೆಲವನ್ನಂತೂ ಅಲೆಗಳೇ ನುಂಗಿವೆ. ಅವೆಲ್ಲ ಒಂದು ಕಾಲದಲ್ಲಿ ಸರಕಿನ ಮಳಿಗೆಗಳು.

ಎಂಟು ಚದರ ಮೈಲಿಯ ಈ ನೆಲದಲ್ಲಿ ಬೆಳೆ ಅಷ್ಟಕ್ಕಷ್ಟೆ. ಆದರೆ ಒಡೆಯರಾದ ಡಚ್ಚರು ಬಂದರಿನ ಸುಂಕವನ್ನೇ ತೆಗೆದುಹಾಕಿ, ಯಾವ ದೇಶದ ಹಡಗಾದರೂ ಬರಲೆಂದು ಬಿಟ್ಟರು. 1770ರ ದಶಕದ ಕೊನೆಗೆ ವರ್ಷಕ್ಕೆ ಮೂರು ಸಾವಿರಕ್ಕೂ ಮಿಕ್ಕಿ ಹಡಗುಗಳು ಬಂದುಹೋಗುತ್ತಿದ್ದವು. ಸಕ್ಕರೆ, ಹೊಗೆಸೊಪ್ಪು, ಬಟ್ಟೆಗಳ ಜೊತೆಗೆ, ಆಂಗ್ಲರ ಮೇಲೆ ದಂಗೆಯೆದ್ದ ಅಮೆರಿಕನ್ನರಿಗೆ ಮದ್ದುಗುಂಡೂ ಇಲ್ಲಿಂದಲೇ ಸಾಗುತ್ತಿತ್ತು. ಆಫ್ರಿಕದಿಂದ ಸೆರೆಹಿಡಿದು ತಂದ ಜನರೂ ಈ ಪೇಟೆಯಲ್ಲಿ ಸರಕೇ.

1776ರ ನವೆಂಬರ್ 16ರಂದು ‘ಆಂಡ್ರೂ ಡೋರಿಯ’ ಎಂಬ ಅಮೆರಿಕದ ಹಡಗು ಹೊಸ ಬಾವುಟ ಹಾರಿಸಿಕೊಂಡು ಬಂದು ತೋಪು ಹಾರಿಸಿತು. ಗವರ್ನರ್ ಯೋಹಾನೆಸ್ ಡಿ ಗ್ರಾಫ್ ಅಪ್ಪಣೆಯಂತೆ ಒರಾನ್ಯ ಕೋಟೆಯಿಂದ ಹನ್ನೊಂದು ಕುಶಾಲತೋಪುಗಳ ಉತ್ತರ ಬಂತು. ವ್ಯಾಪಾರಿ ಹಡಗಿಗೆ ಸಲ್ಲುವಂತೆ ಎರಡು ತೋಪು ಕಡಿಮೆ! ನಾಳೆ ಯಾರಾದರೂ ಕೇಳಿದರೆ ಹೇಳಿಕೊಳ್ಳಲು ಒಂದು ನೆಪ ಬೇಕಲ್ಲವೆ? ಕೇಳಿದವರು ಆಂಗ್ಲರೇ. ಡಿ ಗ್ರಾಫ್ ಹಾಲೆಂಡಿಗೆ ಹೋಗಿ ಸಮಜಾಯಿಷಿ ಕೊಟ್ಟು, ಪುನಃ ಅದೇ ಗಾದಿಗೆ ಬಂದು ಕುಳಿತ.

ಆಂಗ್ಲರು ಮರೆಯಲಿಲ್ಲ. 1780ರ ಡಿಸೆಂಬರಿನಲ್ಲಿ ಡಚ್ಚರ ಮೇಲೆ ಯುದ್ಧ ಸಾರಿದರು. ಆ ಸುದ್ದಿ ದ್ವೀಪವನ್ನು ಮುಟ್ಟುವ ಮೊದಲೇ, 1781ರ ಫೆಬ್ರವರಿ 3ರಂದು, ನೌಕಾಧಿಪತಿ ರಾಡ್ನಿ ಬಂದು ಮುತ್ತಿದ. ಕೋಟೆಯ ಮೇಲೆ ಡಚ್ ಬಾವುಟವನ್ನೇ ಹಾರಲು ಬಿಟ್ಟು, ಅದನ್ನು ನಂಬಿ ಬಂದ ಹಡಗುಗಳನ್ನೆಲ್ಲ ವಾರಗಟ್ಟಲೆ ಹಿಡಿಯುತ್ತ ಹೋದ. ಯೆಹೂದಿ ವರ್ತಕರ ಪಾಡು ಎಲ್ಲಕ್ಕಿಂತ ಹೀನ. ನೂರಕ್ಕೂ ಹೆಚ್ಚು ಗಂಡಸರನ್ನು ಕೂಡಿಹಾಕಿ, ಬಟ್ಟೆಯ ಒಳಪದರಗಳನ್ನು ಹರಿದು ಹಣಕ್ಕಾಗಿ ತಡಕಾಡಿದರು. ಮೂವತ್ತು ಮಂದಿಯನ್ನು ಹೆಂಡಿರು ಮಕ್ಕಳಿಗೆ ತಿಳಿಸದೆ ಗಡೀಪಾರು ಮಾಡಿದರು. ಬ್ರಿಟಿಷ್ ಪಾರ್ಲಿಮೆಂಟಿನಲ್ಲೇ ಎಡ್ಮಂಡ್ ಬರ್ಕ್ ಇದನ್ನು ಖಂಡಿಸಿದ.

ರಾಡ್ನಿ ಸುಲಿಗೆಯಲ್ಲಿ ಕಾಲ ಕಳೆದದ್ದರಿಂದಲೇ ಫ್ರೆಂಚ್ ನೌಕಾಬಲ ಅಮೆರಿಕದ ಕಡೆಗೆ ಸುಗಮವಾಗಿ ಸಾಗಿತೆಂದು ವಾದಿಸುವ ಇತಿಹಾಸಕಾರರುಂಟು. ಆ ಅಕ್ಟೋಬರಿನಲ್ಲಿ ಯಾರ್ಕ್‌ಟೌನಿನಲ್ಲಿ ಶರಣಾದ ಕಾರ್ನ್‌ವಾಲಿಸ್ ನಮಗೆ ಅಪರಿಚಿತನಲ್ಲ. 1792ರಲ್ಲಿ ಶ್ರೀರಂಗಪಟ್ಟಣಕ್ಕೆ ಮುತ್ತಿಗೆ ಹಾಕಿ, ಟಿಪ್ಪುವಿನ ಇಬ್ಬರು ಮಕ್ಕಳನ್ನು ಒತ್ತೆಯಾಗಿ ಪಡೆದವನು ಅವನೇ.

ಕೋಟೆಯಲ್ಲಿ ಅಮೆರಿಕದ ಅಧ್ಯಕ್ಷ ರೂಸ್‌ವೆಲ್ಟ್ 1939ರಲ್ಲಿ ಅರ್ಪಿಸಿದ ಫಲಕವಿದೆ. ಅದು ತೋಪಿನ ಮರ್ಯಾದೆಯನ್ನು ಸ್ಮರಿಸುತ್ತದೆ. ದಡದಿಂದ ಮೇಲಿನ ಊರಿಗೆ ಹತ್ತುವ ಕಲ್ಲುಹಾಸಿನ ಹಾದಿಯನ್ನು ಜನ ಇಂದಿಗೂ ಗುಲಾಮರ ದಾರಿ ಎನ್ನುತ್ತಾರೆ. ಅಮೆರಿಕದ ಸ್ವಾತಂತ್ರ್ಯಕ್ಕೆ ತೋಪು ಹಾರಿಸಿದ ಈ ದ್ವೀಪದಲ್ಲಿ ಗುಲಾಮರಿಗೆ ಬಿಡುಗಡೆಯಾದದ್ದು 1863ರ ಜುಲೈ 1ರಂದು, ಆ ತೋಪುಗಳಾಗಿ 86 ವರ್ಷಗಳ ಮೇಲೆ. ಅಂದು ಅವರು ತಮ್ಮಲ್ಲಿದ್ದ ನೀಲಿ ಗಾಜಿನ ಮಣಿಗಳನ್ನು ಸಮುದ್ರಕ್ಕೆ ಎಸೆದರೆಂದು ಅಲ್ಲಿನವರು ಕಥೆ ಹೇಳುತ್ತಾರೆ. ಬಿರುಗಾಳಿ ಬೀಸಿಹೋದ ಮೇಲೆ ಮರಳಿನಲ್ಲಿ ಈಗಲೂ ಒಂದೊಂದು ಮಣಿ ಸಿಕ್ಕುವುದುಂಟು.