ಹುಸಿ ಬಸಿರಿನ ಚರಿತ್ರೆ

ಹೋದ ಕಾರ್ತಿಕದಲ್ಲಿ ನಮ್ಮ ಮನೆಯ ನಾಯಿ ಚಿನ್ನಿ ಬಾಣಂತಿಯಾದಳು. ಮರಿಗಳು ಮಾತ್ರ ಇರಲಿಲ್ಲ. ಬೆದೆ ಕಳೆದು ಎರಡು ತಿಂಗಳಾಗಿತ್ತು. ಆ ದಿನಗಳಲ್ಲಿ ಅವಳನ್ನು ಕಾಂಪೌಂಡು ದಾಟಲು ಬಿಡದೆ ಕಾದಿದ್ದೆವು. ಗಂಡುನಾಯಿಯೊಂದು ಸುಳಿಯಲೂ ಆಸ್ಪದವಿರಲಿಲ್ಲ. ಆದರೂ ಅವಳ ಹೊಟ್ಟೆ ತುಸು ದಪ್ಪವಾಯಿತು, ಮೊಲೆಗಳು ತುಂಬಿಕೊಂಡವು, ಅನ್ನದ ಮೇಲಿನ ಆಸೆ ಹೋಯಿತು. ಒಂದು ರಾತ್ರಿ ಹಳೆಯ ಸೀರೆಯೊಂದನ್ನು ಮಂಚದ ಕೆಳಗೆ ಎಳೆದುಕೊಂಡು ಹೋಗಿ, ಕೆರೆದು ಕೆರೆದು ಹಾಸಿಗೆ ಮಾಡಿದಳು. ಬೆಳಗ್ಗೆ ನೋಡಿದರೆ ನನ್ನ ಮಗಳ ಚನ್ನಪಟ್ಟಣದ ಮರದ ಬೊಂಬೆಯನ್ನು ಹೊಟ್ಟೆಗೆ ಅವುಚಿಕೊಂಡು ನೆಕ್ಕುತ್ತಿದ್ದಾಳೆ!

ಬೊಂಬೆಯನ್ನು ಕಿತ್ತುಕೊಳ್ಳಲು ಕೈಚಾಚಿದೆ. ನಾಲ್ಕು ವರ್ಷದಿಂದ ನನ್ನ ಕಾಲ ಬಳಿ ಮಲಗುತ್ತಿದ್ದ ಪ್ರಾಣಿ ಹಲ್ಲು ತೋರಿಸಿ ಗುರುಗುಟ್ಟಿತು. ನನಗೆ ಸಿಟ್ಟು ಬಂತು. ಸಿಟ್ಟಿಗಿಂತ ಹೆಚ್ಚಾಗಿ ಭಯವಾಯಿತು. ಮನೆಯಲ್ಲಿ ಸಣ್ಣ ಹುಡುಗಿಯಿರುವಾಗ ಇಂಥ ನಾಯಿ ಬೇಡ, ಊರಿನ ತೋಟಕ್ಕೆ ಸಾಗಿಸಿಬಿಡುವುದೇ ಸರಿ ಎಂದು ಆಗಲೇ ನಿಶ್ಚಯಿಸಿಬಿಟ್ಟೆ. ಪಡಸಾಲೆಯಲ್ಲಿ ಹೂಬತ್ತಿ ಹೊಸೆಯುತ್ತ ಕುಳಿತಿದ್ದ ನಮ್ಮ ತಾಯಿ, "ಬಾಣಂತೀನ ಯಾಕೋ ಕೆಣಕ್ತೀಯ?" ಎಂದರು.

"ಎಲ್ಲಿಯ ಬಾಣಂತಿ ಅಮ್ಮ? ಎಲ್ಲಾ ಸುಳ್ಳು."

"ಹಾಲೂ ಸುಳ್ಳೇನೋ?"

ಬಗ್ಗಿ ನೋಡಿದೆ. ಮೊಲೆತೊಟ್ಟಿನಲ್ಲಿ ಹಾಲು ಜಿನುಗುತ್ತಿತ್ತು. ಅಮ್ಮನ ಪ್ರಶ್ನೆಗೆ ಉತ್ತರ ಹುಡುಕುತ್ತ ಹೊರಟವನಿಗೆ ದೊರೆತ ಚರಿತ್ರೆಯನ್ನೇ ಇಲ್ಲಿ ಓದುಗರ ಮುಂದಿಡುತ್ತಿದ್ದೇನೆ.

ಹುಸಿ ಬಸಿರು ಎಂದೊಡನೆ ಚರಿತ್ರೆಯನ್ನು ಬಲ್ಲವರಿಗೆ ನೆನಪಾಗುವವಳು ಇಂಗ್ಲೆಂಡಿನ ರಾಣಿ ಮೊದಲನೆಯ ಮೇರಿ. 1554ರ ಜುಲೈಯಲ್ಲಿ, ತನ್ನ 38ನೆಯ ವಯಸ್ಸಿನಲ್ಲಿ, ಆಕೆ ಸ್ಪೇನಿನ ರಾಜಕುಮಾರ ಫಿಲಿಪನನ್ನು ಮದುವೆಯಾದಳು. ಕೆಲವೇ ತಿಂಗಳಲ್ಲಿ ರಾಣಿ ಗರ್ಭಿಣಿಯೆಂದು ಸಾರಲಾಯಿತು. ಮುಂದಿನ ಏಪ್ರಿಲಿನಲ್ಲಿ ಆಕೆ ಹೆರಿಗೆಗೆಂದು ಹ್ಯಾಂಪ್ಟನ್ ಕೋರ್ಟ್ ಅರಮನೆಗೆ ಹೋದಳು. ತೊಟ್ಟಿಲು ಸಿದ್ಧವಾಯಿತು, ಜನನವಾರ್ತೆಯನ್ನು ಪರದೇಶಗಳಿಗೆ ತಿಳಿಸುವ ಪತ್ರಗಳನ್ನು ಕೂಡ ಮೊದಲೇ ಬರೆದಿಟ್ಟರು. 30ನೆಯ ತಾರೀಖು ಗಂಡುಮಗು ಹುಟ್ಟಿತೆಂಬ ಗಾಳಿಮಾತು ಹಬ್ಬಿ ಲಂಡನ್ನಿನಲ್ಲಿ ಗಂಟೆಗಳು ಮೊಳಗಿದವು. ಮಗು ಹುಟ್ಟಿರಲಿಲ್ಲ. ಮೇ ಕಳೆಯಿತು, ಜೂನ್ ಕಳೆಯಿತು, ಜುಲೈಯೂ ಕಳೆಯಿತು. ಆಗಸ್ಟಿನಲ್ಲಿ ರಾಣಿ ಮಾತಿಲ್ಲದೆ ಆ ಅರಮನೆಯಿಂದ ಹೊರಟಳು. ಮುಂದೆ ಇನ್ನೊಮ್ಮೆ ಅದೇ ನಂಬಿಕೆ, ಅದೇ ನಿರಾಶೆ. 1558ರ ನವೆಂಬರ್ 17ರಂದು ಆಕೆ ಮಕ್ಕಳಿಲ್ಲದೆಯೇ ತೀರಿಕೊಂಡಳು.

ಈ ಕಥೆಯನ್ನು ಹೇಳಿದಾಗ ಅಮ್ಮ ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ ತಮ್ಮ ತವರೂರಿನ ಒಬ್ಬಾಕೆಯ ವಿಷಯ ಹೇಳಿದರು. ಮದುವೆಯಾಗಿ ಹತ್ತು ವರ್ಷ ಮಕ್ಕಳಿರಲಿಲ್ಲ. ಕೊನೆಗೆ ಮುಟ್ಟು ನಿಂತಿತು, ಹೊಟ್ಟೆ ಬಂತು, ಹಸಿರು ಬಳೆ ತೊಡಿಸಿ ಸೀಮಂತವನ್ನೂ ಮಾಡಿದರು. ಹತ್ತು ತಿಂಗಳು ಕಳೆದರೂ ಏನೂ ಆಗಲಿಲ್ಲ. ಹೊಟ್ಟೆ ತಾನಾಗಿ ಇಳಿದುಹೋಯಿತು. "ನಾಟಕ ಆಡಿದಳು ಅಂತ ಊರೆಲ್ಲ ನಕ್ಕಿತು. ಆಮೇಲೆ ಅವಳು ಯಾರ ಮನೆಯ ಅರಿಸಿನ ಕುಂಕುಮಕ್ಕೂ ಬರಲಿಲ್ಲ. ನಾನೂ ನಕ್ಕಿದ್ದೆ" ಎಂದರು. ಈ ಕೊನೆಯ ಮಾತನ್ನು ಅವರು ನನ್ನ ಮುಖ ನೋಡದೆ ಹೇಳಿದರು.

ನಾಯಿಗಳಲ್ಲಿ ಇದನ್ನು ಕಣ್ಣಿಟ್ಟು ನೋಡಿ ಬರೆದಿಟ್ಟವರಲ್ಲಿ ವಿಲಿಯಂ ಹಾರ್ವೆ ದೊಡ್ಡವನು. ದೇಹದಲ್ಲಿ ರಕ್ತ ಸುತ್ತುವ ಬಗೆಯನ್ನು 1628ರಲ್ಲಿ ಲೋಕಕ್ಕೆ ತಿಳಿಸಿದ ವೈದ್ಯ ಈತನೇ. 1651ರಲ್ಲಿ ಪ್ರಾಣಿಗಳ ಹುಟ್ಟನ್ನು ಕುರಿತು ಈತನ ಇನ್ನೊಂದು ಗ್ರಂಥ ಹೊರಬಂತು. ಗರ್ಭ ನಿಲ್ಲದ ಹೆಣ್ಣುನಾಯಿಗಳೂ ಮರಿಹಾಕುವ ಹೊತ್ತು ಬಂದಾಗ ಮಂಕಾಗುತ್ತವೆ, ಬೇರೆ ನಾಯಿಯ ಮರಿಗಳನ್ನು ಕದ್ದು ತಂದು ನೆಕ್ಕಿ ಸಾಕುತ್ತವೆ, ಅವಕ್ಕಾಗಿ ಹೋರಾಡುತ್ತವೆ, ಕೆಲವಕ್ಕೆ ಹಾಲೂ ಬರುತ್ತದೆ ಎಂದು ಅದರಲ್ಲಿ ಬರೆದಿದ್ದಾನೆ. ನಮ್ಮ ಚಿನ್ನಿಯನ್ನು ನೋಡಿಯೇ ಬರೆದಂತಿದೆ! ಹೀಗಾಗುತ್ತದೆಂದು ಹಾರ್ವೆ ಕಂಡ. ಏಕೆ ಆಗುತ್ತದೆಂಬುದು ಆ ಕಾಲದ ವಿದ್ಯೆಗೆ ಎಟುಕುವಂತಿರಲಿಲ್ಲ.

ಅದಕ್ಕೆ ಇನ್ನೂ ಎರಡೂವರೆ ಶತಮಾನ ಬೇಕಾಯಿತು. ಅಂಡಾಶಯದಿಂದ ಅಂಡ ಹೊರಬಿದ್ದ ಜಾಗದಲ್ಲಿ ಹಳದಿ ಬಣ್ಣದ ಒಂದು ಸಣ್ಣ ಪಿಂಡ ಬೆಳೆಯುತ್ತದೆ. ಬಸಿರನ್ನು ಕಾಯುವ ರಸವನ್ನು ಸುರಿಸುವ ಗ್ರಂಥಿ ಇದೇ ಇರಬೇಕೆಂದು ಮೊದಲು ಊಹಿಸಿದವನು ಜರ್ಮನಿಯ ಬ್ರೆಸ್ಲೌ ನಗರದ ಗುಸ್ಟಾಫ್ ಬಾರ್ನ್. ಅದನ್ನು ಪರೀಕ್ಷಿಸುವ ಮೊದಲೇ, 1900ರಲ್ಲಿ, ಆತ ತೀರಿಕೊಂಡ. ಲುಡ್ವಿಗ್ ಫ್ರೆಂಕೆಲ್ ಮೊಲಗಳ ಮೇಲೆ ಪ್ರಯೋಗ ನಡೆಸಿ, ಆ ಪಿಂಡವನ್ನು ನಾಶಮಾಡಿದರೆ ಬಸಿರು ನಿಲ್ಲುವುದಿಲ್ಲವೆಂದು ತೋರಿಸಿದ. ಈ ಗುಸ್ಟಾಫ್ ಬಾರ್ನನ ಮಗನೇ ಭೌತವಿಜ್ಞಾನಿ ಮ್ಯಾಕ್ಸ್ ಬಾರ್ನ್. ಹಿಟ್ಲರನ ಕಾಲದಲ್ಲಿ ದೇಶ ಬಿಟ್ಟ ಆತ ಸರ್ ಸಿ. ವಿ. ರಾಮನ್ನರ ಆಹ್ವಾನದ ಮೇಲೆ 1935-36ರಲ್ಲಿ ನಮ್ಮ ಬೆಂಗಳೂರಿನ ವಿಜ್ಞಾನ ಸಂಸ್ಥೆಗೆ ಬಂದು ಕೆಲವು ತಿಂಗಳು ಇದ್ದ.

ಆ ರಸವನ್ನು ಬೇರ್ಪಡಿಸುವ ದಾರಿಯನ್ನು ಅಮೆರಿಕದ ಕಾರ್ನರ್ ಮತ್ತು ಆಲೆನ್ 1929ರಲ್ಲಿ ತೋರಿಸಿದರು. 1934ರಲ್ಲಿ ಅದು ಶುದ್ಧರೂಪದಲ್ಲಿ ದೊರೆಯಿತು. ಪ್ರೊಜೆಸ್ಟಿರೋನ್ ಎಂಬುದು ಅದರ ಹೆಸರು. ಹಾಲಿನ ಮೂಲವೂ ಇದೇ ವರ್ಷಗಳಲ್ಲಿ ತಿಳಿಯಿತು. ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯ ಸಾರ ಮೊಲಗಳಲ್ಲಿ ಹಾಲು ಸುರಿಸುತ್ತದೆಂದು 1928ರಲ್ಲಿ ಸ್ಟ್ರಾಸ್‌ಬರ್ಗಿನಲ್ಲಿ ಕಂಡುಕೊಂಡರು. ಅದಕ್ಕೆ ಮುಂದೆ ಪ್ರೊಲಾಕ್ಟಿನ್ ಎಂಬ ಹೆಸರು ಬಂತು.

ಆದರೆ ನಾಯಿಯ ಪಾಲಿಗೆ ಮುಖ್ಯವಾದ ಮಾತನ್ನು ಇವರಿಗಿಂತ ಮೊದಲೇ, 1917ರಲ್ಲಿ, ಕೇಂಬ್ರಿಜ್ಜಿನ ಮಾರ್ಷಲ್ ಮತ್ತು ಹಾಲ್ನನ್ ಹೇಳಿದ್ದರು. ಬೆದೆ ಕಳೆದ ಮೇಲೆ ಗರ್ಭ ನಿಲ್ಲದ ನಾಯಿಯ ಗರ್ಭಕೋಶವೂ ಮೊಲೆಗಳೂ ಬಸುರಿಯವುಗಳಂತೆಯೇ ಬದಲಾಗುತ್ತವೆಂದು ಅವರು ತೋರಿಸಿದರು. ಹೆಂಗಸಿನಲ್ಲಿ ಗರ್ಭ ನಿಲ್ಲದಿದ್ದರೆ ಹಳದಿ ಪಿಂಡ ಎರಡು ವಾರದಲ್ಲಿ ಬಾಡಿಹೋಗುತ್ತದೆ. ನಾಯಿಯಲ್ಲಿ ಹಾಗಲ್ಲ. ಗರ್ಭ ನಿಲ್ಲಲಿ, ನಿಲ್ಲದಿರಲಿ, ಅದು ಹೆಚ್ಚುಕಡಿಮೆ ಎರಡು ತಿಂಗಳು, ಎಂದರೆ ಬಸಿರಿನ ಅವಧಿಯಷ್ಟೇ ಕಾಲ, ತನ್ನ ಕೆಲಸವನ್ನು ಮಾಡುತ್ತಲೇ ಇರುತ್ತದೆ. ಕೊನೆಯಲ್ಲಿ ಅದು ಬಾಡಿದಾಗ ಪ್ರೊಲಾಕ್ಟಿನ್ ಏರುತ್ತದೆ. ಹಾಲು ಬರುತ್ತದೆ, ತಾಯ್ತನ ಬರುತ್ತದೆ. ತೋಳಗಳ ಹಿಂಡಿನಲ್ಲಿ ಸಾಮಾನ್ಯವಾಗಿ ಒಂದೇ ಹೆಣ್ಣು ಮರಿಹಾಕುತ್ತದೆ. ಉಳಿದವು ಸಾಕಲು ನೆರವಾಗುತ್ತವೆ. ಅಂಥ ಹಿಂಡಿನಲ್ಲಿ ಬಸಿರಿಲ್ಲದ ಹಾಲೂ ಉಪಯೋಗಕ್ಕೆ ಬರುತ್ತಿದ್ದಿರಬೇಕು, ಅದರ ಉಳಿಕೆಯೇ ಇಂದಿನ ನಾಯಿಯಲ್ಲಿದೆ ಎಂಬುದು ಕೆಲವು ವಿದ್ವಾಂಸರ ಊಹೆ.

ಇಲ್ಲಿ ನಾವು ಗಮನಿಸಬೇಕಾದ ಒಂದು ಸಂಗತಿಯಿದೆ. ಹೆಂಗಸರಲ್ಲಿ ಹುಸಿ ಬಸಿರು ಅಪರೂಪ. ಅದರಲ್ಲಿ ಮನಸ್ಸಿನ ಪಾತ್ರ ದೊಡ್ಡದು. ನಾಯಿಯಲ್ಲಿ ಅದು ದೇಹದ ನಿತ್ಯಧರ್ಮಕ್ಕೆ ಸೇರಿದ್ದು. ಕೆಲವಕ್ಕೆ ಹೊರಗೆ ಕಾಣುತ್ತದೆ, ಕೆಲವಕ್ಕೆ ಕಾಣುವುದಿಲ್ಲ, ಅಷ್ಟೆ. ಕಾರಣಗಳು ಬೇರೆಯಾದರೂ ಎರಡು ಕಡೆಯೂ ಒಂದು ಮಾತು ಸಮಾನ: ಮೋಸಮಾಡುವವರು ಇಲ್ಲಿ ಯಾರೂ ಇಲ್ಲ. ಕನ್ನಡದಲ್ಲಿ ಮನುಷ್ಯರಿಗೆ ಬಸಿರು, ಪ್ರಾಣಿಗಳಿಗೆ ಗಬ್ಬ ಎನ್ನುತ್ತೇವೆ. ಗಬ್ಬವೆಂಬುದು ಗರ್ಭದ ತದ್ಭವವೇ ಎಂದು ತರಗತಿಯಲ್ಲಿ ವರ್ಷವರ್ಷವೂ ಪಾಠ ಹೇಳುವ ನನಗೆ, ಮನೆಯ ನಾಯಿಯ ಸಂಕಟ ಕಣ್ಣೆದುರಿಗಿದ್ದಾಗ ಅದು ಹೊಳೆಯಲಿಲ್ಲ.

ಪಶುವೈದ್ಯರು ಮೊದಲು ಪರೀಕ್ಷೆ ಮಾಡಿ ನಿಜವಾದ ಗರ್ಭವಿಲ್ಲವೆಂದೂ ಗರ್ಭಕೋಶದಲ್ಲಿ ಕೀವು ತುಂಬಿಲ್ಲವೆಂದೂ ಖಚಿತಮಾಡಿಕೊಂಡರು. ಬೆದೆ ಕಳೆದ ಕೆಲವು ವಾರಗಳಲ್ಲಿ ನಾಯಿ ಅತಿಯಾಗಿ ನೀರು ಕುಡಿದರೆ, ಮಂಕಾಗಿ ಸ್ರಾವ ಕಂಡರೆ, ಈ ಎರಡನೆಯದರ ಭಯವುಂಟು. ಅದು ಪ್ರಾಣಕ್ಕೇ ಅಪಾಯ. ಚಿನ್ನಿಗೆ ಅವರು ಹೇಳಿದ್ದು ಇಷ್ಟೆ: ಮೊಲೆಗಳನ್ನು ಹಿಂಡಬೇಡಿ, ಒರೆಸಿ ತಿಕ್ಕಬೇಡಿ, ಅವಳೇ ನೆಕ್ಕಿಕೊಳ್ಳುವುದನ್ನೂ ಆದಷ್ಟು ತಪ್ಪಿಸಿ, ಮುಟ್ಟಿದಷ್ಟೂ ಹಾಲು ಹೆಚ್ಚುತ್ತದೆ. ನೀರನ್ನು ಮಾತ್ರ ಕಟ್ಟಬೇಡಿ. ಬೊಂಬೆಯನ್ನು ಕಿತ್ತುಕೊಳ್ಳಬೇಡಿ, ಅವಳು ಹೊರಗೆ ಹೋದಾಗ ಮೆಲ್ಲಗೆ ತೆಗೆದಿಡಿ. ಹೆಚ್ಚು ತಿರುಗಾಡಿಸಿ. ಎರಡು ಮೂರು ವಾರದಲ್ಲಿ ತಾನಾಗಿ ಇಳಿಯುತ್ತದೆ; ಇಳಿಯದಿದ್ದರೆ ಪ್ರೊಲಾಕ್ಟಿನ್ನನ್ನು ತಗ್ಗಿಸುವ ಕ್ಯಾಬರ್ಗೋಲಿನ್ ಎಂಬ ಔಷಧವಿದೆ. "ಒಂದು ಸಲ ಮರಿ ಹಾಕಿಸಿ, ಸರಿಹೋಗ್ತಾಳೆ" ಎಂದು ನೆರೆಮನೆಯವರು ಹೇಳಿದ್ದನ್ನು ಕೇಳಿ ವೈದ್ಯರು ನಕ್ಕರು. ಮರಿ ಹಾಕಿದ ನಾಯಿಗೂ ಮುಂದಿನ ಬೆದೆಯ ನಂತರ ಇದು ಮರುಕಳಿಸಬಹುದಂತೆ. ಮತ್ತೆ ಬಾರದಿರಬೇಕಾದರೆ ಶಸ್ತ್ರಚಿಕಿತ್ಸೆ ಮಾಡಿಸಬೇಕು. ಅದನ್ನೂ ಈಗ ಮಾಡದೆ, ಹಾಲು ಬತ್ತಿ ದೇಹ ಶಾಂತವಾದ ಮೇಲೆ ಮಾಡಬೇಕು. ಇಲ್ಲದಿದ್ದರೆ ಹುಸಿ ಬಾಣಂತನವೇ ಎಳೆದುಕೊಂಡು ಹೋಗಬಹುದು.

ಕನ್ನಡ ನಾಡು ನಾಯಿಗೆ ಕಲ್ಲು ನಿಲ್ಲಿಸಿದ ನಾಡು. ಹತ್ತನೆಯ ಶತಮಾನದ ಆತಕೂರಿನ ಶಾಸನದಲ್ಲಿ, ಕೆಲಲೆಯಲ್ಲಿ ಕಾಡುಹಂದಿಯೊಡನೆ ಹೋರಾಡಿ, ಅದನ್ನು ಕೊಂದು ತಾನೂ ಸತ್ತ 'ಕಾಳಿ' ಎಂಬ ಬೇಟೆನಾಯಿಯ ವೃತ್ತಾಂತವಿದೆ. ಆ ಕಲ್ಲಿಗೆ ಪೂಜೆ ನಡೆಯಲೆಂದು ಭೂಮಿಯನ್ನೂ ಬಿಟ್ಟಿದ್ದರು. ಅದನ್ನು ವಿದ್ಯಾರ್ಥಿಗಳಿಗೆ ವಿವರಿಸುವಾಗ ನನಗೆ ಎಂದೂ ಹೆಮ್ಮೆ. ಹಂದಿಯ ಮೇಲೆ ಹಲ್ಲು ತೋರಿಸಿದರೆ ಶೌರ್ಯ. ಒಂದು ಮರದ ಬೊಂಬೆಗಾಗಿ ನನಗೆ ಹಲ್ಲು ತೋರಿಸಿದ್ದಕ್ಕೆ ಮನೆಯಿಂದಲೇ ಹೊರಗೆ ಹಾಕಹೊರಟಿದ್ದೆನಲ್ಲ!

ಹದಿನೆಂಟನೆಯ ದಿನ ಚಿನ್ನಿ ತಾನಾಗಿ ಮಂಚದ ಕೆಳಗಿನಿಂದ ಎದ್ದು ಬಂದು, ಅಂಗಳದ ಬಿಸಿಲಿನಲ್ಲಿ ಮೈ ಮುರಿದು ಮಲಗಿದಳು. ಬಣ್ಣ ಅಳಿಸಿದ ಬೊಂಬೆಯನ್ನು ಮಗಳು ತೊಳೆದು ಕಪಾಟಿನಲ್ಲಿಟ್ಟಳು. ಅಂದು ಸಂಜೆ ಅಮ್ಮ, ತವರೂರಿನ ಆ ಹೆಂಗಸು ಈಗ ಇದ್ದಾಳೋ ಇಲ್ಲವೋ ವಿಚಾರಿಸು ಎಂದು ನನಗೆ ಹೇಳಿದರು. ವಿಚಾರಿಸಿದೆ. ಆಕೆ ಹೋಗಿ ಇಪ್ಪತ್ತು ವರ್ಷವಾಯಿತಂತೆ.