ಉಂಡ ಅನ್ನದ ಋಣ: ಆತಗೂರಿನ ಕಲ್ಲಿನಿಂದ ಗರಡಿಯ ಮಟ್ಟಿಯವರೆಗೆ

ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನಲ್ಲಿ ಒಂದು ಹೋಬಳಿಗೆ ಹೆಸರು ಕೊಟ್ಟಿರುವ ಆತಗೂರು, ಶಾಸನಾಭ್ಯಾಸಿಗಳಿಗೆ ಆತಕೂರು ಎಂಬ ಹಳೆಯ ರೂಪದಲ್ಲಿಯೇ ಹೆಚ್ಚು ಪರಿಚಿತವಾಗಿದೆ. ಹತ್ತನೆಯ ಶತಮಾನದ ನಡುಭಾಗದಲ್ಲಿ ಇಲ್ಲಿ ನಿಲ್ಲಿಸಿದ ಕಲ್ಲೊಂದು, ರಾಷ್ಟ್ರಕೂಟರು ಚೋಳರ ಮೇಲೆ ಪಡೆದ ದೊಡ್ಡ ಗೆಲುವಿನ ಸಮಕಾಲೀನ ದಾಖಲೆಯೆಂಬ ಕಾರಣಕ್ಕೆ ರಾಜಕೀಯ ಚರಿತ್ರೆಯಲ್ಲಿ ಸ್ಥಾನ ಪಡೆದಿದೆ. ಅದೇ ಕಲ್ಲನ್ನು ಮೈಬಲದ ಚರಿತ್ರೆಯ ದಾಖಲೆಯಾಗಿಯೂ ಓದಬಹುದು. ಬಲವನ್ನು ಪಣಕ್ಕೊಡ್ಡುವವರು ಯಾರು, ಅದಕ್ಕೆ ಸಾಕ್ಷಿಯಾಗುವವರು ಯಾರು, ಆ ಬಲಕ್ಕೆ ಬೇಕಾದ ಅನ್ನವನ್ನು ಒದಗಿಸುವವರು ಯಾರು ಎಂಬ ಪ್ರಶ್ನೆಗಳಿಗೆ ಅದರಲ್ಲಿ ಸಿಗುವ ಉತ್ತರವೇ, ಈ ಸೀಮೆಯ ಗರಡಿಮನೆಗಳಲ್ಲಿಯೂ ಹಬ್ಬದ ಪಂದ್ಯಗಳಲ್ಲಿಯೂ ಹರಕೆಯ ನಡಿಗೆಗಳಲ್ಲಿಯೂ ರೂಪ ಬದಲಿಸಿಕೊಂಡು ಕಾಣುತ್ತದೆ.

ಶಾಸನದ ಕಾಲ ಶಕ ವರ್ಷ 872, ಸೌಮ್ಯ ಸಂವತ್ಸರ, ಅಂದರೆ ಕ್ರಿ.ಶ. 949-50. ತಕ್ಕೋಲದ ಯುದ್ಧದಲ್ಲಿ ರಾಷ್ಟ್ರಕೂಟ ಮೂರನೆಯ ಕೃಷ್ಣನ ಪರವಾಗಿ ಹೋರಾಡಿದ ಗಂಗರ ಇಮ್ಮಡಿ ಬೂತುಗನು ಚೋಳ ರಾಜಾದಿತ್ಯನನ್ನು ಕೊಂದನೆಂದೂ, ಅದಕ್ಕೆ ಮೆಚ್ಚಿ ಕೃಷ್ಣನು ಅವನಿಗೆ ಬನವಾಸಿಯೇ ಮೊದಲಾದ ನಾಡುಗಳನ್ನು ಕೊಟ್ಟನೆಂದೂ ಅದು ತಿಳಿಸುತ್ತದೆ. ಅದೇ ಯುದ್ಧದಲ್ಲಿ ಪರಾಕ್ರಮ ತೋರಿದ ಸಗರ ವಂಶದ ಮಣಲೆರನಿಗೆ ಬೂತುಗನು ಬೇಕಾದುದನ್ನು ಬೇಡಿಕೊಳ್ಳೆಂದಾಗ, ಅವನು ಕೇಳಿದ್ದು ಕಾಳಿ ಎಂಬ ಹೆಸರಿನ ಬೇಟೆನಾಯಿಯನ್ನು. ಮುಂದೆ ಕೆಳಲೆ ನಾಡಿನ ಬೆಳತೂರಿನ ಪಡುವಣ ಮೊರಡಿಯಲ್ಲಿ, ಅಂದರೆ ಕಲ್ಲುದಿಣ್ಣೆಯಲ್ಲಿ, ಕಾಳಿಯನ್ನು ದೊಡ್ಡ ಹಂದಿಯೊಂದರ ಮೇಲೆ ಬಿಟ್ಟಾಗ ನಾಯಿಯೂ ಹಂದಿಯೂ ಹೋರಾಡಿ ಒಟ್ಟಿಗೆ ಸತ್ತವು. ಆ ನೆನಪಿಗಾಗಿ ಆತಕೂರಿನ ಚಲ್ಲೇಶ್ವರ ಗುಡಿಯ ಮುಂದೆ ಕಲ್ಲು ನಿಂತಿತು. ಅದರ ಮೇಲ್ಭಾಗದಲ್ಲಿ ನಾಯಿ ಮತ್ತು ಹಂದಿಯ ಕಾಳಗವನ್ನು ಕೆತ್ತಲಾಯಿತು. ಅದರ ಪೂಜೆಗೆಂದು ಹಿರಿಯ ಕೆರೆಯ ಕೆಳಗೆ ಇಕ್ಕಂಡುಗ, ಅಂದರೆ ಎರಡು ಖಂಡುಗ ಬೀಜ ಹಿಡಿಯುವಷ್ಟು ಭೂಮಿಯನ್ನು ಬಿಡಲಾಯಿತು. ಶಾಸನದ ಕೊನೆಯ ಭಾಗದಲ್ಲಿರುವ ಕಟ್ಟಳೆ ಇನ್ನೂ ವಿಶೇಷವಾದದ್ದು: ಈ ಕಲ್ಲನ್ನು ಪೂಜಿಸಬೇಕಾದ ಗೊರವನು, ಎಂದರೆ ಶೈವ ಅರ್ಚಕನು, ಪೂಜೆ ಮಾಡದೆ ಉಂಡರೆ ನಾಯಿ ಮಾಡಿದ ಪಾಪವು ಅವನಿಗೆ ತಟ್ಟುತ್ತದೆ.

ನಾಯಿಯ ಸಾವನ್ನೂ ಅರ್ಚಕನ ಊಟವನ್ನೂ ಒಂದೇ ವಾಕ್ಯದಲ್ಲಿ ಕಟ್ಟಿಹಾಕುವ ಈ ಕಟ್ಟಳೆಯ ಹಿಂದೆ, ಹಳೆಗನ್ನಡ ಕಾವ್ಯಗಳಲ್ಲಿಯೂ ವೀರಗಲ್ಲುಗಳ ಸಂದರ್ಭದಲ್ಲಿಯೂ ವಿದ್ವಾಂಸರು ಬಹಳ ಚರ್ಚಿಸಿರುವ ಜೋಳವಾಳಿಯ ಕಲ್ಪನೆಯಿದೆ. ಉಂಡ ಜೋಳಕ್ಕೆ, ಎಂದರೆ ಒಡೆಯನ ಅನ್ನಕ್ಕೆ, ದೇಹದ ಮೂಲಕ ತೀರಿಸಬೇಕಾದ ಋಣವೇ ಜೋಳವಾಳಿ. ಒಡೆಯನ ಜೊತೆಯಲ್ಲಿಯೇ ಸಾಯುವೆನೆಂದು ಮಾತು ಕೊಟ್ಟು ನಡೆಯುವುದು ವೇಳೆವಾಳಿ. ಪಂಪನು 941ರಲ್ಲಿ ‘ವಿಕ್ರಮಾರ್ಜುನ ವಿಜಯ’ವನ್ನು ಬರೆದು ಇನ್ನೂ ಹತ್ತು ವರ್ಷ ತುಂಬಿರದ ಕಾಲದಲ್ಲಿ ಕೆತ್ತಿದ ಆತಕೂರಿನ ಕಲ್ಲು, ಈ ಋಣದ ನಿಯಮವನ್ನು ಮನುಷ್ಯರಾಚೆಗೂ ವಿಸ್ತರಿಸಿ, ಕಾಳಿಯನ್ನು ಸತ್ತ ವೀರನ ಸಾಲಿನಲ್ಲಿಯೇ ನಿಲ್ಲಿಸುತ್ತದೆ. ಬಲವು ಅದನ್ನುಳ್ಳವನ ಸ್ವಂತ ಆಸ್ತಿಯಲ್ಲ, ಅನ್ನವಿಟ್ಟವರಿಗೆ ಅದರಲ್ಲಿ ಪಾಲಿದೆ ಎಂಬ ತಿಳಿವಳಿಕೆಗೆ ಈ ಸೀಮೆಯಲ್ಲಿ ಸಿಗುವ ಸ್ಪಷ್ಟವಾದ ಹಳೆಯ ಲಿಖಿತ ಸಾಕ್ಷ್ಯಗಳಲ್ಲಿ ಇದೂ ಒಂದು.

ಬಲವನ್ನು ಯುದ್ಧದಿಂದ ಬೇರ್ಪಡಿಸಿ, ದಿನದಿನದ ಅಭ್ಯಾಸದಿಂದ ಸಾಧಿಸುವ ವಿದ್ಯೆಯಾಗಿ ವಿವರಿಸಿದ ಗ್ರಂಥಗಳಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ ಮುಖ್ಯವಾದದ್ದು. ಹನ್ನೆರಡನೆಯ ಶತಮಾನದ ಈ ಸಂಸ್ಕೃತ ಗ್ರಂಥದ ಮಲ್ಲವಿನೋದ ಎಂಬ ಭಾಗವು ಜಟ್ಟಿಗಳನ್ನು ಅವರ ಶಕ್ತಿ ಮತ್ತು ವಯಸ್ಸಿಗೆ ತಕ್ಕಂತೆ ವರ್ಗೀಕರಿಸಿ, ಭಾರ ಎತ್ತುವ ಭಾರಶ್ರಮ, ನಡೆದಾಡುವ ಭ್ರಮಣಶ್ರಮ, ಈಜುವ ಸಲಿಲಶ್ರಮ, ಕಂಬದ ಮೇಲಿನ ಸ್ತಂಭಶ್ರಮ ಮುಂತಾಗಿ ವ್ಯಾಯಾಮಗಳನ್ನು ಬಿಡಿಬಿಡಿಯಾಗಿ ಹೇಳುತ್ತದೆ. ಜಟ್ಟಿಗಳ ಆಹಾರದ ವ್ಯವಸ್ಥೆ ಅರಮನೆಯ ಹೊಣೆಯೆಂಬುದೂ ಅದರಿಂದ ತಿಳಿಯುತ್ತದೆ. 1520ರ ಸುಮಾರಿಗೆ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್, ಕೃಷ್ಣದೇವರಾಯನು ಬೆಳಕು ಹರಿಯುವ ಮುನ್ನ ಎಳ್ಳೆಣ್ಣೆ ಕುಡಿದು, ಮೈಗೂ ಎಣ್ಣೆ ತಿಕ್ಕಿಸಿಕೊಂಡು, ಮಣ್ಣಿನಿಂದ ಮಾಡಿದ ದೊಡ್ಡ ಭಾರಗಳನ್ನು ಎತ್ತಿ, ಕುಡಿದ ಎಣ್ಣೆಯೆಲ್ಲ ಬೆವರಾಗಿ ಇಳಿಯುವವರೆಗೆ ಕತ್ತಿ ಝಳಪಿಸಿ, ಬಳಿಕ ಜಟ್ಟಿಯೊಬ್ಬನೊಡನೆ ಕುಸ್ತಿ ಮಾಡಿ, ಕುದುರೆಯೇರಿ ಹೊರಡುತ್ತಿದ್ದುದನ್ನು ದಾಖಲಿಸಿದ್ದಾನೆ. ದೊರೆಯ ಈ ದಿನಚರಿಗೂ ಒಬ್ಬ ಜೊತೆಗಾರ ಬೇಕಾಗಿತ್ತು ಎಂಬುದು ಇಲ್ಲಿ ಗಮನಿಸಬೇಕಾದ ಸಂಗತಿ.

ವಿಜಯನಗರದ ಮಹಾನವಮಿಯ ಜೊತೆಗೆ ಅದರ ಮಲ್ಲಯುದ್ಧಗಳೂ ಕಾವೇರಿ ತೀರಕ್ಕೆ ಬಂದವು. 1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣವನ್ನು ವಶಪಡಿಸಿಕೊಂಡು ಅಲ್ಲಿ ದಸರೆಯನ್ನು ಆರಂಭಿಸಿದ ಬಳಿಕ, ಬೆಂಗಳೂರಿನಿಂದ ಶ್ರೀರಂಗಪಟ್ಟಣಕ್ಕೆ ಹೋಗುವ ಹಾದಿಯಲ್ಲಿದ್ದ ಚನ್ನಪಟ್ಟಣ, ಮದ್ದೂರು, ಮಂಡ್ಯದ ಊರುಗಳಿಗೆ ರಾಜಧಾನಿಯ ಅಖಾಡ ಹತ್ತಿರವಾಯಿತು. ಕುಸ್ತಿಯನ್ನೇ ಕುಲವಿದ್ಯೆಯಾಗಿಸಿಕೊಂಡ ಜಟ್ಟಿ ಸಮುದಾಯವು ನಿಂಬುಜಾದೇವಿಯನ್ನು ಆರಾಧಿಸುತ್ತ, ಅರಮನೆಯ ಆಶ್ರಯದಲ್ಲಿ ವಜ್ರಮುಷ್ಟಿ ಕಾಳಗವನ್ನು ಉಳಿಸಿಕೊಂಡು ಬಂದಿತು. ಬೆರಳುಗಳಿಗೆ ತೊಡುವ ಮೊನಚಾದ ಆಯುಧವೇ ವಜ್ರಮುಷ್ಟಿ; ತಲೆ ಬೋಳಿಸಿಕೊಂಡ ಜಟ್ಟಿಗಳು ಅದನ್ನು ಧರಿಸಿ ಸೆಣಸುವ ಈ ಕಾಳಗ, ಒಬ್ಬನ ತಲೆಯಿಂದ ನೆತ್ತರು ಚಿಮ್ಮಿದ ಕೂಡಲೇ ಮುಗಿಯುತ್ತದೆ. ಮೈಸೂರು ಅರಮನೆಯಲ್ಲಿ ವಿಜಯದಶಮಿಯಂದು ಇಂದಿಗೂ ನಡೆಯುವ ಈ ಕಾಳಗಕ್ಕೆ ಮೈಸೂರು, ಬೆಂಗಳೂರು, ಚಾಮರಾಜನಗರಗಳ ಜೊತೆಗೆ ಮದ್ದೂರಿಗೆ ಅನತಿ ದೂರದ ಚನ್ನಪಟ್ಟಣದಿಂದಲೂ ಜಟ್ಟಿಗಳು ಬರುತ್ತಾರೆ.

ಅರಮನೆಯ ಜಟ್ಟಿಗಳಿಗೆ ಹೊರತಾಗಿ, ಒಕ್ಕಲುತನ, ಕುರಿ ಸಾಕಣೆ, ಗಾಡಿ ಹೊಡೆಯುವುದು ಮುಂತಾದ ಕಸುಬುಗಳ ಜನರ ನಡುವೆ ಈ ವಿದ್ಯೆ ಬೇರೂರಿದ್ದು ಗರಡಿಮನೆಗಳ ಮೂಲಕ. ಗರಡಿಮನೆ ಸಾಮಾನ್ಯವಾಗಿ ಬೆಳಕಿಂಡಿಗಳು ಕಡಿಮೆಯಿರುವ ಪುಟ್ಟ ಕಟ್ಟಡ. ಅದರ ಬಾಗಿಲು ತಗ್ಗಾಗಿರುವುದರಿಂದ ಎಷ್ಟೇ ದೊಡ್ಡ ಪೈಲ್ವಾನನಾದರೂ ತಲೆ ಬಾಗಿಸಿಯೇ ಒಳಗೆ ಹೋಗಬೇಕು. ಒಳಗಿನ ಕುಸ್ತಿಯ ಕಣಕ್ಕೆ ಮಟ್ಟಿ ಎಂದು ಹೆಸರು. ಜರಡಿ ಹಿಡಿದ ಕೆಮ್ಮಣ್ಣಿಗೆ ಎಣ್ಣೆ, ಅರಿಸಿನ, ಕುಂಕುಮ, ಕರ್ಪೂರ ಮೊದಲಾದವನ್ನು ಬೆರೆಸಿ, ದಿನವೂ ಗುದ್ದಲಿಯಿಂದ ಕೆದಕಿ ಹದ ಮಾಡುವ ಈ ಮಣ್ಣನ್ನು ಆಂಜನೇಯನ ಸನ್ನಿಧಿಯೆಂದೇ ಭಾವಿಸಿ, ಅದನ್ನು ಮುಟ್ಟಿ ನಮಸ್ಕರಿಸಿ ಇಳಿಯುವುದು ರೂಢಿ. ಮಟ್ಟಿಯನ್ನು ಅಗೆಯುವುದೇ ಹೊಸಬನಿಗೆ ಮೊದಲ ವ್ಯಾಯಾಮ. ಬಳಿಕ ಅಂಗೈ ಊರಿ ಮೈಯನ್ನು ಬಾಗಿಸಿ ಎತ್ತುವ ದಂಡ, ಕೂತು ಏಳುವ ಬಸ್ಕಿ, ಹೆಗಲ ಸುತ್ತ ತಿರುಗಿಸುವ ಗದೆ, ಕಲ್ಲುಗುಂಡು ಇವುಗಳ ಮೂಲಕ ಮೈ ಪಳಗಿಸುವುದಕ್ಕೆ ಸಾಮು ತೆಗೆಯುವುದು ಎನ್ನುತ್ತಾರೆ. ಪಟ್ಟುಗಳನ್ನೂ ಅವುಗಳನ್ನು ಬಿಡಿಸಿಕೊಳ್ಳುವ ಬಗೆಯನ್ನೂ ಕಲಿಸುವ ಗುರುವೇ ವಸ್ತಾದ. ಮಲ್ಲ ಎಂಬ ಸಂಸ್ಕೃತದ ಮಾತು, ಉಸ್ತಾದ್ ಮತ್ತು ಪಹಲ್ವಾನ್ ಎಂಬ ಪಾರಸಿಯಿಂದ ಬಂದ ಮಾತುಗಳು, ಪಟ್ಟು ಎಂಬ ದೇಸಿ ಮಾತು ಒಂದೇ ಮಣ್ಣಿನಲ್ಲಿ ಬೆರೆತಿರುವುದನ್ನು ನೋಡಿದರೆ, ಹಿಂದೂ ಮತ್ತು ಮುಸ್ಲಿಂ ಪೈಲ್ವಾನರು ತಲೆಮಾರುಗಳ ಕಾಲ ಪರಸ್ಪರ ಕಲಿತು ಕಲಿಸಿದ ಚರಿತ್ರೆ ಆ ಪದಗಳಲ್ಲಿಯೇ ಉಳಿದಿದೆ ಎನ್ನಬಹುದು.

ಗರಡಿಯಲ್ಲಿ ಒಬ್ಬನ ಸಾಧನೆ ಇನ್ನೊಬ್ಬನ ಮೈಯನ್ನು ಅವಲಂಬಿಸಿರುತ್ತದೆ. ಎದುರಾಳಿಯಾಗಿ ನಿಲ್ಲುವ ಗೆಳೆಯನಿಲ್ಲದೆ ಪಟ್ಟು ಕಲಿಯುವುದು ಸಾಧ್ಯವಿಲ್ಲ. ದಸರೆಯ ಕುಸ್ತಿಗೆ ಮುನ್ನ ಮೈಸೂರಿನಲ್ಲಿ ನಡೆಯುವ ಜೋಡಿ ಕಟ್ಟುವ ಕಾರ್ಯ, ಅಂದರೆ ತೂಕ ಮತ್ತು ಅನುಭವಗಳನ್ನು ಹೋಲಿಸಿ ಸಮಬಲರನ್ನು ಜೊತೆಗೂಡಿಸುವ ಪದ್ಧತಿ, ಈ ಅರಿವನ್ನು ಒಂದು ವಿಧಿಯ ಮಟ್ಟಕ್ಕೆ ಏರಿಸಿದೆ. ಎದುರಾಳಿಯ ಬೆನ್ನನ್ನು ನೆಲಕ್ಕೆ ತಾಗಿಸಿ ಚಿತ್ ಮಾಡುವುದರಿಂದಲೇ ಗೆಲುವು ತೀರ್ಮಾನವಾಗುವ ನಾಡಕುಸ್ತಿಯಲ್ಲಿ, ಸೋತವನ ಮೈಗೆ ಅಂಟಿದ ಮಣ್ಣೇ ಊರಿಗೆಲ್ಲ ಕಾಣುವ ಸಾಕ್ಷಿ.

ಪೈಲ್ವಾನನ ಮೈಯ ಹಿಂದೆ ಒಂದು ಮನೆಯ ಲೆಕ್ಕಾಚಾರವೂ ಇರುತ್ತಿತ್ತು. ಹಾಲು, ತುಪ್ಪ, ಬಾದಾಮಿ, ಮೊಟ್ಟೆ, ಮಾಂಸಗಳು ರೈತಾಪಿ ಕುಟುಂಬಕ್ಕೆ ಎಲ್ಲರಿಗೂ ಸಮನಾಗಿ ಎಟುಕುವ ಪದಾರ್ಥಗಳಾಗಿರಲಿಲ್ಲವಾದ್ದರಿಂದ, ಒಬ್ಬ ಮಗನನ್ನು ಗರಡಿಗೆ ಕಳಿಸುವುದೆಂದರೆ ಉಳಿದವರ ಪಾಲಿನ ಹಾಲನ್ನು ಅವನ ಲೋಟಕ್ಕೆ ಬಗ್ಗಿಸುವುದೆಂದೇ ಅರ್ಥವಾಗಿತ್ತು. ಉಳಿದಂತೆ ಎಲ್ಲರ ಹೊಟ್ಟೆ ತುಂಬಿಸುತ್ತಿದ್ದುದು ರಾಗಿ. ಹಿಟ್ಟು ತಿಂದವನು ಬೆಟ್ಟ ಕಿತ್ತಿಟ್ಟ ಎಂಬ ಅರ್ಥದ ಗಾದೆಯೂ, ರಾಗಿ ಮತ್ತು ಅಕ್ಕಿಗಳ ವಾದದಲ್ಲಿ ರಾಗಿಯ ಹಿರಿಮೆಯನ್ನು ಸಾರುವ ಕನಕದಾಸರ ‘ರಾಮಧಾನ್ಯ ಚರಿತೆ’ಯೂ ಈ ಧಾನ್ಯಕ್ಕೂ ಬಲಕ್ಕೂ ಇರುವ ನಂಟನ್ನು ಒಪ್ಪಿಕೊಂಡಿವೆ. ಆದರೆ ಆ ಹಿಟ್ಟನ್ನು ನಸುಕಿನಲ್ಲೆದ್ದು ಬೀಸುತ್ತಿದ್ದವರು, ಒನಕೆ ಹಿಡಿದು ಭತ್ತ ಕುಟ್ಟುತ್ತಿದ್ದವರು, ಬಾವಿಯಿಂದ ನೀರು ಹೊರುತ್ತಿದ್ದವರು ಗರಡಿಯ ಬಾಗಿಲೊಳಗೆ ಪ್ರವೇಶವಿಲ್ಲದ ಹೆಂಗಸರು. ಬೀಸುಕಲ್ಲಿನ ಗೂಟ ಹಿಡಿದು ತಿರುಗಿಸುವ ತೋಳಿನ ಶ್ರಮ ಗದೆ ತಿರುಗಿಸುವ ಶ್ರಮಕ್ಕೆ ಕಡಿಮೆಯದಾಗಿರದಿದ್ದರೂ, ಅದಕ್ಕೆ ಸಾಮು ಎಂಬ ಹೆಸರಾಗಲಿ ಬೆಳ್ಳಿಯ ಗದೆಯಾಗಲಿ ದೊರೆಯಲಿಲ್ಲ. ಮೈಸೂರು ದಸರೆಯ ಅಖಾಡದಲ್ಲಿ ಮಹಿಳೆಯರ ಕುಸ್ತಿಯೂ ಸೇರಿದ್ದು ತೀರ ಈಚಿನ ಬೆಳವಣಿಗೆ.

ಗರಡಿಯ ಶಿಸ್ತಿಗೆ ಒಳಗಾಗದವರಿಗೂ ಹಬ್ಬಹರಿದಿನಗಳು ಮೈಬಲದ ಪರೀಕ್ಷೆಗಳನ್ನು ಒಡ್ಡುತ್ತಿದ್ದವು. ಗುಡಿಯ ಮುಂದೆಯೋ ಅರಳಿಕಟ್ಟೆಯ ಬಳಿಯೋ ಬಿದ್ದಿರುತ್ತಿದ್ದ ಉರುಟಾದ ಗುಂಡನ್ನು ಮೊಣಕಾಲಿಗೆ ತಂದವನು, ಎದೆಗೆ ತಂದವನು, ಹೆಗಲಿಗೇರಿಸಿ ಹಿಂದಕ್ಕೆಸೆದವನು ಎಂಬ ಶ್ರೇಣಿಯಲ್ಲಿ ಹುಡುಗರ ಬೆಳವಣಿಗೆಯನ್ನು ಊರು ಅಳೆಯುತ್ತಿತ್ತು. ಸಂಕ್ರಾಂತಿಯ ಸಂಜೆ ಮೈತೊಳೆದು ಸಿಂಗರಿಸಿದ ದನಗಳನ್ನು ಹುಲ್ಲಿನ ಉರಿಯ ಮೇಲೆ ದಾಟಿಸುವ ಕಿಚ್ಚು ಹಾಯಿಸುವ ಆಚರಣೆಯಲ್ಲಿ, ಹಗ್ಗ ಹಿಡಿದು ಎತ್ತಿನ ಜೊತೆಗೆ ತಾನೂ ಹಾರುವ ಯುವಕನ ಕಾಲಿನ ಚುರುಕೂ ಪರೀಕ್ಷೆಗೊಳಗಾಗುತ್ತದೆ. ಗ್ರಾಮದೇವತೆಯ ಹಬ್ಬಗಳಲ್ಲಿ ಕೆಂಡದ ಮೇಲೆ ನಡೆಯುವ ಕೊಂಡ ಹಾಯುವ ಪದ್ಧತಿಗೆ ಉಪವಾಸದ ನೇಮವೂ ಸೇರಿದೆ.

ಮೈಯ ಸಹನೆಯನ್ನು ಇನ್ನೂ ದೀರ್ಘವಾಗಿ ಪರೀಕ್ಷಿಸುವುದು ಮಲೆ ಮಹದೇಶ್ವರ ಬೆಟ್ಟದ ಪಾದಯಾತ್ರೆ. ಶಿವರಾತ್ರಿಯ ಸುಮಾರಿಗೆ ಮಂಡ್ಯ, ಮದ್ದೂರು, ಮಳವಳ್ಳಿ, ಕನಕಪುರದ ಕಡೆಗಳಿಂದ ನೆಂಟರೂ ನೆರೆಹೊರೆಯವರೂ ತಂಡ ಕಟ್ಟಿಕೊಂಡು ಹೊರಟು, ದಿನಗಟ್ಟಲೆ ನಡೆದು ಬೆಟ್ಟವನ್ನೇರುತ್ತಾರೆ. ಹರಕೆ ಒಬ್ಬರದಾಗಿದ್ದರೂ ನಡಿಗೆ ಎಲ್ಲರದು. ಕಾಲು ಬೊಬ್ಬೆ ಎದ್ದವರ ಗಂಟನ್ನು ಜೊತೆಗಾರರು ಹೊರುತ್ತಾರೆ, ಹಾದಿಯ ಊರಿನವರು ಅರವಟ್ಟಿಗೆ ಕಟ್ಟಿ ನೀರುಮಜ್ಜಿಗೆ ಕೊಡುತ್ತಾರೆ, ಅನ್ನ ಬಡಿಸುತ್ತಾರೆ. ಹೀಗೆ ಬಡಿಸುವವರಿಗೂ ನಡೆದವರ ಪುಣ್ಯದಲ್ಲಿ ಪಾಲಿದೆಯೆಂಬ ನಂಬಿಕೆಯಿರುವುದರಿಂದ, ಜೋಳವಾಳಿಯಲ್ಲಿ ಒಡೆಯನಿಗೆ ಸಲ್ಲುತ್ತಿದ್ದ ಅನ್ನದ ಋಣ ಇಲ್ಲಿ ಹಾದಿಯುದ್ದಕ್ಕೂ ಅಪರಿಚಿತರ ನಡುವೆ ಹಂಚಿಹೋಗಿದೆ.

ಇಪ್ಪತ್ತನೆಯ ಶತಮಾನದಲ್ಲಿ ಈ ವ್ಯವಸ್ಥೆಯ ಬುಡವೇ ಬದಲಾಯಿತು. 1911ರಲ್ಲಿ ಆರಂಭವಾದ ಕೃಷ್ಣರಾಜಸಾಗರ ಅಣೆಕಟ್ಟೆ, ಅದರಿಂದ ಹೊರಟ ಇಂದಿನ ವಿಶ್ವೇಶ್ವರಯ್ಯ ನಾಲೆ, 1933ರಲ್ಲಿ ಮಂಡ್ಯದಲ್ಲಿ ಸ್ಥಾಪನೆಯಾದ ಮೈಸೂರು ಸಕ್ಕರೆ ಕಂಪನಿ, ಇವುಗಳಿಂದಾಗಿ ರಾಗಿಯ ಸೀಮೆಯ ಬಹುಭಾಗ ಭತ್ತ ಮತ್ತು ಕಬ್ಬಿನ ಸೀಮೆಯಾಯಿತು. 1939ರಲ್ಲಿ ಮಂಡ್ಯ ಪ್ರತ್ಯೇಕ ಜಿಲ್ಲೆಯೂ ಆಯಿತು. ಇದೇ ಅವಧಿಯಲ್ಲಿ ಬೆಂಗಳೂರಿನಲ್ಲಿ ಕೆ. ವಿ. ಅಯ್ಯರ್ (1897–1980) ಹರ್ಕ್ಯುಲಿಸ್ ವ್ಯಾಯಾಮಶಾಲೆಯನ್ನು ನಡೆಸುತ್ತ, ಅಂಚೆಯ ಮೂಲಕವೂ ದೇಹದಾರ್ಢ್ಯದ ಪಾಠ ಹೇಳುತ್ತಿದ್ದರು. ‘ಶಾಂತಲಾ’, ‘ರೂಪದರ್ಶಿ’ ಕಾದಂಬರಿಗಳಿಂದ ಕನ್ನಡ ಓದುಗರಿಗೆ ಪರಿಚಿತರಾದ ಅಯ್ಯರ್ ಅವರು, ಕನ್ನಡಿಯ ಮುಂದೆ ನಿಂತು ತನ್ನ ಮೈಯನ್ನು ತಾನೇ ತಿದ್ದಿಕೊಳ್ಳುವ ಹೊಸ ವ್ಯಾಯಾಮಕ್ಕೆ ಈ ನಾಡಿನಲ್ಲಿ ಗೌರವ ತಂದುಕೊಟ್ಟರು. ಮಟ್ಟಿಗೆ ಎದುರಾಳಿ ಬೇಕು, ಕನ್ನಡಿಗೆ ಬೇಡ. ಅಂಚೆಯಲ್ಲಿ ಬರುವ ಪಾಠಕ್ಕೆ ವಸ್ತಾದ ಪಕ್ಕದಲ್ಲಿ ನಿಲ್ಲಬೇಕಾಗಿಲ್ಲ. ಇಂದು ಹೋಬಳಿ ಮಟ್ಟದ ಊರುಗಳವರೆಗೂ ಬಂದಿರುವ ಜಿಮ್‌ಗಳು ಈ ಎರಡನೆಯ ಹಾದಿಯವು. ಅವುಗಳಲ್ಲಿ ತಿಂಗಳ ಶುಲ್ಕ ಕಟ್ಟಿದವನಿಗೆ, ಗರಡಿ ಕೇಳುತ್ತಿದ್ದ ಕುಲ ಕಸುಬುಗಳ ಪ್ರಶ್ನೆ ಎದುರಾಗುವುದಿಲ್ಲ, ಹೆಂಗಸರಿಗೂ ಬಾಗಿಲು ತೆರೆದಿದೆ ಎಂಬ ಲಾಭವನ್ನು ಕಡೆಗಣಿಸುವಂತಿಲ್ಲ. ಆದರೆ ಅಲ್ಲಿ ಅನ್ನದ ಲೆಕ್ಕ ರಸೀದಿಯೊಂದಿಗೆ ಚುಕ್ತಾ ಆಗಿಬಿಡುತ್ತದೆ.

ಆತಕೂರಿನ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಹಿರಿಯ ಕೆರೆಯ ಕೆಳಗಿನ ಇಕ್ಕಂಡುಗ ಭೂಮಿಯ ಬೆಳೆಯಿಂದ ಅದಕ್ಕೆ ನಡೆಯಬೇಕಾಗಿದ್ದ ಪೂಜೆ ನಿಂತಿದ್ದರೂ, ಅದರ ಮೇಲೆ ನಾಯಿಯೂ ಹಂದಿಯೂ ಇನ್ನೂ ಸೆಣಸುತ್ತಿವೆ. ಅವುಗಳಲ್ಲಿ ಗೆದ್ದವರು ಯಾರೆಂದು ಶಾಸನ ಕೇಳುವುದೇ ಇಲ್ಲ. ಅದು ಕೊನೆಗೆ ಕೇಳುವ ಪ್ರಶ್ನೆ ಒಂದೇ: ಇಂದಿನ ಊಟಕ್ಕೆ ಕೂರುವ ಮುನ್ನ ಕಾಳಿಯನ್ನು ನೆನೆದದ್ದಾಯಿತೆ?