ಉದ್ದ ಲಗಾಮಿನ ಸಲಕರಣೆ
ಸವಾರನಿಲ್ಲದ ಕುದುರೆಯನ್ನು ಹಿಂದಿನಿಂದ ಎರಡು ಉದ್ದ ಲಗಾಮುಗಳಲ್ಲಿ ನಡೆಸಿ ಪಳಗಿಸುವ ಕ್ರಮಕ್ಕೆ ಬೇಕಾದ ಪರಿಕರ. ಇದರಲ್ಲಿ ಮುಖ್ಯವಾದುದು ಲಗಾಮೇ. ಎಳೆಗುದುರೆಗೆ ಸಾಮಾನ್ಯವಾಗಿ 7ರಿಂದ 9 ಮೀಟರಿನ ಜೋಡಿ ಬಳಸುತ್ತಾರೆ. ಒದೆತಕ್ಕೆ ಸಿಗದಂತೆ ನಿಲ್ಲಲು ಅಷ್ಟು ಉದ್ದ ಬೇಕು. ವಿಯೆನ್ನಾದ ಸ್ಪ್ಯಾನಿಷ್ ರೈಡಿಂಗ್ ಸ್ಕೂಲಿನಲ್ಲಿ ಪಳಗಿದ ಲಿಪಿಜಾನರ್ ಗಂಡುಕುದುರೆಯ ಬೆನ್ನಿಗೇ ತರಬೇತುದಾರ ನಡೆಯುವುದರಿಂದ ಅಲ್ಲಿನ ಲಗಾಮು ಗಿಡ್ಡ. ಹೊಸಬರು ಅದನ್ನು ಅನುಕರಿಸುವುದು ಅಪಾಯ. ಹತ್ತಿಯ ಪಟ್ಟಿ ಕೈಗೆ ಹಿತ. ನೈಲಾನ್ ಅಗ್ಗವೇನೋ ಹೌದು, ಕುದುರೆ ಜಗ್ಗಿದರೆ ಅಂಗೈ ಸುಟ್ಟಂತಾಗುತ್ತದೆ. ಲಗಾಮು ಯಾವುದೇ ಆದರೂ ಕೈಗವಸು ಬೇಕೇ ಬೇಕು. ಲಗಾಮಿನ ತುದಿಗಳನ್ನು ಒಂದಕ್ಕೊಂದು ಗಂಟು ಹಾಕಕೂಡದು, ಕುಣಿಕೆಯಲ್ಲಿ ಕಾಲು ಸಿಕ್ಕೀತು. ಲಗಾಮು ಹಾಯಿಸಲು ಬೆನ್ನು-ಹೊಟ್ಟೆ ಸುತ್ತ ಬಿಗಿಯುವ, ಬದಿಗಳಲ್ಲಿ ರಿಂಗುಗಳಿರುವ ಪಟ್ಟಿ ಬೇಕು. ಇಲ್ಲದಿದ್ದರೆ ಜೀನಿನ ರಿಕಾಪುಗಳನ್ನು ಹೊಟ್ಟೆಯಡಿ ಒಂದಕ್ಕೊಂದು ಕಟ್ಟಿ ಬಳಸಬಹುದು. ಬಾಯಿ ಸೂಕ್ಷ್ಮವಾದ ಕುದುರೆಗೆ ಕಡಿವಾಣಕ್ಕಿಂತ ರಿಂಗುಳ್ಳ ಮೂಗುಪಟ್ಟಿ ಲೇಸು.